ಇಪ್ಪತ್ತೆರಡು ಕಂಪ್ಯೂಟರುಗಳ ಜಗತ್ತು

ಬೆಳಿಗ್ಗೆ ಒಂಬತ್ತೂವರೆಗೆ ಆಫೀಸಿನ ಬೀಗ ತೆಗೆದ ಮೇಲೆ ನಾನು ಮಾಡುತ್ತಿದ್ದ ಮೊದಲ ಕೆಲಸ, ಜಗತ್ತಿನಲ್ಲಿ ನಾವು ಎಷ್ಟನೆಯವರು ಎಂದು ನೋಡುವುದು. ಕಿಟಕಿ ತೆರೆಯುವುದು ಆಮೇಲೆ. ಆಫೀಸೆಂದರೆ ಬದಿಯಡ್ಕ ಪೇಟೆಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದ ಮಾಳಿಗೆಯಲ್ಲಿದ್ದ ಒಂದೇ ಕೋಣೆ. ಸುತ್ತಲಿನ ನಾಲ್ಕೈದು ಪಂಚಾಯತುಗಳ ಸುದ್ದಿ ಹಾಕುವ ಕನ್ನಡ ವೆಬ್‌ಸೈಟ್ ಅಲ್ಲಿಂದ ನಡೆಯುತ್ತಿತ್ತು. ಅಡಿಕೆ ಧಾರಣೆ, ಕರೆಂಟ್ ಹೋಗುವ ಹೊತ್ತು, ಬಸ್ಸಿನ ಸಮಯ, ಎಡನೀರಿನಲ್ಲಿ ನಡೆಯುವ ತಾಳಮದ್ದಳೆ, ಶಾಲೆಗಳ ಫಲಿತಾಂಶ, ಮತ್ತು ಮರಣ.

ವೆಬ್‌ಸೈಟಿನ ಯಜಮಾನರು ಬಹಳ ವರ್ಷ ಗಲ್ಫಿನಲ್ಲಿ ದುಡಿದು ಊರಿಗೆ ಮರಳಿದ ಕೊಂಕಣಿ ಕ್ರೈಸ್ತರು. ನಮ್ಮ ಕಡೆ ತುಳುವರು ಆ ಸಮುದಾಯದ ಹಿರಿಯರನ್ನು ಕರೆಯುವ ಹಾಗೆ ಪೇಟೆಯವರೆಲ್ಲ ಅವರನ್ನು ಪೊರ್ಬುಗಳೇ ಎನ್ನುತ್ತಿದ್ದರು, ಅವರ ಹೆಂಡತಿಯನ್ನು ಬಾಯಮ್ಮ. ನಾನು ಎದುರಿಗೆ ಸರ್ ಎನ್ನುತ್ತಿದ್ದೆ. ಅವರು ಬರೆದ ಸುದ್ದಿಯನ್ನು ನಾನು ತಿದ್ದುತ್ತಿದ್ದ ಕಾರಣ ಅವರು ನನಗೆ ಟೀಚರ್ ಎಂದು ಹೆಸರಿಟ್ಟಿದ್ದರು. ಪೊರ್ಬುಗಳು ಗಲ್ಫಿನಲ್ಲಿದ್ದಾಗ ಅವರ ತಂದೆ ತೀರಿಕೊಂಡ ಸುದ್ದಿ ಅವರಿಗೆ ಮುಟ್ಟಿದ್ದು ಮಣ್ಣು ಮಾಡಿ ನಾಲ್ಕು ದಿನವಾದ ಮೇಲೆ. ಇದನ್ನು ನನಗೆ ಹೇಳಿದ್ದು ಬಾಯಮ್ಮ. ಪೊರ್ಬುಗಳು ಹೇಳಿದ್ದು ಇಷ್ಟೇ: “ಮರಣಕ್ಕೆ ನಾವು ಒಂದು ಪೈಸೆ ತೆಕ್ಕೊಳ್ಳುವುದಿಲ್ಲ ಟೀಚರ್. ಆ ಪುಟದಲ್ಲಿ ಜಾಹೀರಾತೂ ಹಾಕುವುದಿಲ್ಲ. ಫೋಟೋ ಒಂದು ಸರಿ ಬಂದಿದೆಯಾ ನೋಡಿ.”

ನಾನು ಮಂಗಳೂರಿನಲ್ಲಿ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಸರಕಾರಿ ಕೆಲಸದ ಪರೀಕ್ಷೆ ಬರೆದು, ರ‍್ಯಾಂಕ್ ಲಿಸ್ಟಿಗೆ ಕಾಯುತ್ತಿದ್ದೆ. ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಕಾಯದ ಮನೆ ಕಡಿಮೆ. ಲಿಸ್ಟಿನಲ್ಲಿ ಹೆಸರು ಮೇಲಿದ್ದರೆ ಮದುವೆಯ ಮಾತು ಕೂಡ ಬೇರೆ ರೀತಿಯಲ್ಲಿ ಶುರುವಾಗುತ್ತದೆ. ಆದ್ದರಿಂದ ರ‍್ಯಾಂಕ್ ಎಂಬ ಶಬ್ದಕ್ಕೆ ನಮ್ಮಲ್ಲಿ ಇದ್ದ ಗೌರವ ಬೇರೆ ಎಲ್ಲಾದರೂ ಇದ್ದೀತೆಂದು ನನಗನ್ನಿಸುವುದಿಲ್ಲ. ಪೊರ್ಬುಗಳು ಜಾಹೀರಾತು ಕೇಳಲು ಅಂಗಡಿಗಳಿಗೆ ಹೋದಾಗ, ಎಷ್ಟು ಜನ ಓದುತ್ತಾರೆ, ಯಾರು ಓದುತ್ತಾರೆ ಎಂದು ಒಬ್ಬರೂ ಕೇಳುತ್ತಿರಲಿಲ್ಲ. “ನಿಮ್ಮ ರ‍್ಯಾಂಕ್ ಎಷ್ಟು ಪೊರ್ಬುಗಳೇ?” ಎಂದೇ ಕೇಳುತ್ತಿದ್ದರು.

ರ‍್ಯಾಂಕ್ ಕೊಡುತ್ತಿದ್ದದ್ದು ಹೊರದೇಶದ ಒಂದು ಕಂಪೆನಿ. ಅವರ ಪುಟಕ್ಕೆ ಹೋಗಿ ಯಾವ ವೆಬ್‌ಸೈಟಿನ ಹೆಸರು ಹಾಕಿದರೂ, ಜಗತ್ತಿನಲ್ಲಿ ಅದು ಎಷ್ಟನೆಯದು ಎಂಬ ಸಂಖ್ಯೆ ಪುಕ್ಕಟೆಯಾಗಿ ಬರುತ್ತಿತ್ತು. ನಮ್ಮದು ಏಳಂಕಿಯ ಸಂಖ್ಯೆ, ಅಂದರೆ ಹತ್ತು ಲಕ್ಷಕ್ಕೂ ಹಿಂದೆ. ಪೊರ್ಬುಗಳು ಅದನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಗಲ್ಫಿನಿಂದ ಅಷ್ಟೊಂದು ಜನ ಫೋನ್ ಮಾಡಿ “ನಿಮ್ಮ ಸೈಟ್ ನೋಡದೆ ಚಾ ಕುಡಿಯುವುದಿಲ್ಲ” ಎನ್ನುವಾಗ ಈ ಸಂಖ್ಯೆ ಹೀಗೇಕೆ ಎಂದು ಅವರಿಗೆ ಬೇಸರ.

ಒಂದು ದಿನ ನಾನು ಆ ಕಂಪೆನಿಯ ಪುಟದ ಅಡಿಯಲ್ಲಿದ್ದ ಸಣ್ಣ ಅಕ್ಷರಗಳನ್ನು ಓದಿದೆ. ಅವರು ಎಲ್ಲ ಓದುಗರನ್ನು ಎಣಿಸುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಅವರ ಟೂಲ್‌ಬಾರ್ ಎಂಬ ಒಂದು ಪಟ್ಟಿಯನ್ನು ಹಾಕಿಕೊಂಡವರು ಯಾವ ಪುಟಕ್ಕೆ ಹೋಗುತ್ತಾರೆಂದು ನೋಡಿ, ಅದರಿಂದ ಇಡೀ ಜಗತ್ತನ್ನು ಅಂದಾಜು ಮಾಡುತ್ತಿದ್ದರು. ನಮ್ಮ ಓದುಗರು ದುಬೈ, ಶಾರ್ಜಾ, ಮಸ್ಕತಿನ ಆಫೀಸುಗಳಲ್ಲಿ, ಕೆಲಸ ಶುರುವಾಗುವ ಮುನ್ನ ಐದು ನಿಮಿಷ ಕಂಪೆನಿಯ ಕಂಪ್ಯೂಟರಿನಲ್ಲಿ ಓದುವವರು. ಅದರಲ್ಲಿ ಅವರು ಏನನ್ನೂ ಸೇರಿಸುವಂತಿರಲಿಲ್ಲ. ಒಬ್ಬ ಓದಿ, ಡ್ರೈವರ್ ಕೆಲಸದಲ್ಲಿರುವ ಇನ್ನೊಬ್ಬನಿಗೆ ಫೋನಿನಲ್ಲಿ ಹೇಳುತ್ತಿದ್ದ. ಇವರು ಯಾರೂ ಆ ಅಂದಾಜಿನೊಳಗೆ ಇರಲಿಲ್ಲ.

ಇದನ್ನು ಪೊರ್ಬುಗಳಿಗೆ ವಿವರಿಸಿದೆ.

“ಅಂದ್ರೆ ಆ ಪಟ್ಟಿ ಇದ್ದವರು ಓದಿದ್ರೆ ಮಾತ್ರ ಓದಿದ ಲೆಕ್ಕ?”

“ಹೌದು ಸರ್.”

“ಕೆಳಗೆ ಇಪ್ಪತ್ತೆರಡು ಕಂಪ್ಯೂಟರ್ ಉಂಟಲ್ಲ ಟೀಚರ್?”

ನಾನು ನಗಲಿಲ್ಲ. ಆ ಯೋಚನೆ ನನಗೆ ಮೊದಲೇ ಬಂದಿತ್ತು, ಹೇಳಿರಲಿಲ್ಲ, ಅಷ್ಟೇ. ಮುಂದಿನ ಭಾನುವಾರ ಮಧ್ಯಾಹ್ನ ತರಬೇತಿ ಕೇಂದ್ರದವರ ಒಪ್ಪಿಗೆ ಪಡೆದು, ನಾನೇ ಇಪ್ಪತ್ತೆರಡು ಯಂತ್ರಗಳ ಮುಂದೆ ಒಂದೊಂದಾಗಿ ಕೂತು ಆ ಪಟ್ಟಿಯನ್ನು ಸೇರಿಸಿದೆ. ಇಂಟರ್‌ನೆಟ್ ತೆರೆದ ಕೂಡಲೇ ನಮ್ಮ ಮುಖಪುಟ ಬರುವ ಹಾಗೆ ಮಾಡಿದೆ. ತಪ್ಪೆಂದು ತಿಳಿಯದೆ ಮಾಡಿದೆನೆಂದು ಹೇಳಲಾರೆ. ಒಂದು ಮಾದರಿಯನ್ನು ಹೇಗೆ ಆರಿಸಬೇಕೆಂದು ಎರಡು ವರ್ಷ ಓದಿದವಳು ನಾನು. ಆದರೆ, ಈ ಅಂದಾಜು ನಮ್ಮ ಓದುಗರನ್ನು ಹೇಗೂ ಕಾಣುವುದಿಲ್ಲ, ಆಗಿದ್ದ ಅನ್ಯಾಯವನ್ನು ಸ್ವಲ್ಪ ಸರಿ ಮಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ಜಗತ್ತಿನಲ್ಲಿ ಆ ಪಟ್ಟಿ ಇದ್ದವರು, ಅದರಲ್ಲೂ ಕನ್ನಡ ಓದುವವರು, ಎಷ್ಟು ಕಡಿಮೆಯಿದ್ದರೆಂದು ನನಗೆ ಗೊತ್ತಾದದ್ದು ಆಮೇಲೆ. ಮಕ್ಕಳು ಟೈಪಿಂಗ್ ಕಲಿಯಲು ಬಂದು ಹೋಗುತ್ತಿದ್ದರು, ನಮ್ಮ ಸಂಖ್ಯೆ ವಾರ ವಾರ ಇಳಿಯುತ್ತಿತ್ತು. ಎರಡು ತಿಂಗಳಲ್ಲಿ ಏಳಂಕಿ ಆರಂಕಿಯಾಯಿತು. ಇನ್ನೂ ಇಳಿಯಿತು. ದೊಡ್ಡ ಪತ್ರಿಕೆಗಳ ಸೈಟುಗಳು ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದವು. ಪೊರ್ಬುಗಳು ಆ ಪುಟವನ್ನು ಬಣ್ಣದಲ್ಲಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ, ಚೀಲದಲ್ಲಿಟ್ಟುಕೊಂಡು ಪೇಟೆ ಸುತ್ತಿದರು. ಬಟ್ಟೆಯಂಗಡಿಯಲ್ಲಿ ಅದನ್ನು ಗಾಜಿನ ಮೇಜಿನ ಮೇಲಿಟ್ಟು ತೋರಿಸುವಾಗ ಅವರ ಮುಖ ಹೇಗಿತ್ತೆಂದು ಬಾಯಮ್ಮ ಅನುಕರಿಸಿ ತೋರಿಸುತ್ತಿದ್ದರು. “ಪರೀಕ್ಷೆಯಲ್ಲಿ ಪಾಸಾದ ಹುಡುಗನ ಹಾಗೆ!”

ಆ ಹಾಳೆಯನ್ನು ಎಲ್ಲೋ ಅಂಗಡಿಯಲ್ಲಿ ಕಂಡು ಎಣ್ಮಕಜೆ ಕಡೆಯ ಒಬ್ಬ ಹೆಂಗಸು ನಮ್ಮಲ್ಲಿಗೆ ಬಂದರು. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಮೊದಲ ದಿನದಿಂದಲೇ ಅಕ್ಕ ಎಂದೆ. ಆರು ಮಂದಿ ಹೆಂಗಸರನ್ನು ಕೂಡಿಸಿಕೊಂಡು ಅವರು ಅಡಿಕೆ ಹಾಳೆಯ ಊಟದ ತಟ್ಟೆ ಮಾಡುವ ಯಂತ್ರ ಹಾಕಿದ್ದರು. ನನ್ನ ಹತ್ತಿರ ತುಳುವಿನಲ್ಲೇ ಮಾತಾಡಿದರು.

“ನೀವಾ ಟೀಚರ್?”

“ಟೀಚರ್ ಅಲ್ಲ ಅಕ್ಕ. ಇಲ್ಲಿ ಹಾಗೆ ಕರೀತಾರೆ, ಅಷ್ಟೆ.”

“ಹಾಗೆ ಕರೆದ್ರೆ ಹಾಗೇ.” ಕುರ್ಚಿಯ ತುದಿಯಲ್ಲಿ ಕೂತರು. “ನಮ್ಮ ಮನೆಯವರು ತಮಾಷೆ ಮಾಡ್ತಾರೆ. ಕಂಪ್ಯೂಟರಿನಲ್ಲಿ ತಟ್ಟೆ ಮಾರ್ಲಿಕ್ಕೆ ಹೊರಟಿದ್ದಾಳೆ, ನಾಳೆ ದನಕ್ಕೆ ಹಿಂಡಿಯೂ ಅದರಲ್ಲೇ ತರಿಸ್ತಾಳೆ ಅಂತ. ಮಾಡಿದ ತಟ್ಟೆ ಅಟ್ಟದಲ್ಲಿ ಉಂಟು. ಊರಿನವರು ನೋಡಿ ಚೆಂದ ಉಂಟು ಅಂತಾರೆ, ತೆಕ್ಕೊಳ್ಳುವುದಿಲ್ಲ. ಹೊರಗಿನಿಂದ ಒಂದು ಫೋನ್ ಬಂದ್ರೆ ಸಾಕು, ಮತ್ತೆ ನಮ್ಮವರೂ ಕೇಳ್ತಾರೆ.”

ಲ್ಯಾಮಿನೇಟ್ ಮಾಡಿದ ಹಾಳೆ ಮೇಜಿನ ಮೇಲಿತ್ತು. ಅಕ್ಕ ಅದರ ಮೇಲೆ ಬೆರಳಿಟ್ಟರು.

“ಇದು ಸತ್ಯವಾ? ಇದರಲ್ಲಿ ಬರೆದದ್ದು?”

ಪೊರ್ಬುಗಳು ಬ್ಯಾಂಕಿಗೆ ಹೋಗಿದ್ದರು. ಕೋಣೆಯಲ್ಲಿ ನಾವಿಬ್ಬರೇ.

“ರ‍್ಯಾಂಕ್ ಹಾಗೇ ಉಂಟು ಅಕ್ಕ,” ಎಂದೆ.

ಆ ವಾಕ್ಯದಲ್ಲಿ ಸುಳ್ಳಿನ ಒಂದು ಶಬ್ದವೂ ಇರಲಿಲ್ಲ. ಅದನ್ನು ಹಾಗೆ ಜೋಡಿಸಲು ನಾನು ಒಂದು ಕ್ಷಣ ತೆಗೆದುಕೊಂಡಿದ್ದೆ. ಅಕ್ಕ ಆ ಕ್ಷಣವನ್ನು ಗಮನಿಸಲಿಲ್ಲ.

“ನನ್ನ ತಂಗಿಗೆ ರ‍್ಯಾಂಕ್ ಲಿಸ್ಟಿನಲ್ಲಿ ಬಂದೇ ಕೆಲಸ ಸಿಕ್ಕಿದ್ದು,” ಎಂದರು. “ರ‍್ಯಾಂಕ್ ಅಂದ ಮೇಲೆ ಮೋಸ ಇರ್ಲಿಕ್ಕಿಲ್ಲ. ಹಾಕಿ. ನನ್ನ ನಂಬರ್ ದೊಡ್ಡದಾಗಿ ಹಾಕಿ.”

ಮೂರು ತಿಂಗಳಿಗೆಂದು ಜಾಹೀರಾತು ಹಾಕಿದೆವು. ಮುಖಪುಟದಲ್ಲಿ, ಮೇಲೆ ಬಲಕ್ಕೆ, ಒಳ್ಳೆಯ ಜಾಗ. ತಟ್ಟೆಗಳ ಫೋಟೋ ನಾನೇ ತೆಗೆದೆ.

ಮುಂದಿನ ಸೋಮವಾರ ಆಫೀಸಿನ ಫೋನ್ ಬಡಿಯಿತು.

“ಟೀಚರ್, ನಾನು ತಟ್ಟೆಯವಳು. ಎಂತ ಇಲ್ಲ, ನನ್ನ ಫೋನ್ ಸರಿ ಉಂಟಾ ಅಂತ ನೋಡ್ಲಿಕ್ಕೆ. ನೀವು ಒಮ್ಮೆ ಈಚೆ ಮಾಡ್ತೀರಾ?”

ನಾನು ಮಾಡಿದೆ. ಎರಡನೆಯ ರಿಂಗಿಗೇ ಎತ್ತಿದರು. “ಹ್ಞಾಂ, ಬರ್ತದೆ. ಸರಿ ಉಂಟು. ಇಡ್ತೇನೆ.”

ಅದರ ಮುಂದಿನ ಸೋಮವಾರವೂ ಹಾಗೆಯೇ. ಅದರ ಮುಂದಿನ ವಾರ ರೇಂಜ್ ಸಿಗಲೆಂದು ಫೋನನ್ನು ಗೇರುಮರದ ಕೊಂಬೆಗೆ ಚೀಲದಲ್ಲಿ ತೂಗುಹಾಕಿದ್ದೇನೆ ಎಂದರು. ಯಾರೂ ಕರೆ ಮಾಡಿಲ್ಲವೆಂದು ಅವರು ಒಮ್ಮೆಯೂ ದೂರಲಿಲ್ಲ. ದೂರಿದ್ದರೆ ನಾನು ಏನಾದರೂ ಉತ್ತರ ಕೊಡುತ್ತಿದ್ದೆ.

ಏಪ್ರಿಲಿನಲ್ಲಿ ಕೆಳಗಿನ ಕೇಂದ್ರದ ಹಳೆಯ ಬ್ಯಾಚ್ ಮುಗಿಯಿತು. ರಜೆಯ ಬ್ಯಾಚಿನ ಮಕ್ಕಳು ಸೇರುವ ಮುನ್ನ, ವೈರಸ್ ಹೆಚ್ಚಾಗಿದೆಯೆಂದು ಕೇಂದ್ರದವರು ಕಂಪ್ಯೂಟರುಗಳನ್ನೆಲ್ಲ ಫಾರ್ಮ್ಯಾಟ್ ಮಾಡಿಸಿದರು. ನಮಗೆ ಹೇಳಬೇಕೆಂದು ಅವರಿಗೆ ಹೊಳೆಯಲಿಲ್ಲ, ಹೊಳೆಯುವ ಕಾರಣವೂ ಇರಲಿಲ್ಲ. ನಾನು ಸೇರಿಸಿದ್ದೆಲ್ಲ ಅಳಿಸಿಹೋಯಿತು. ಬೆಳಿಗ್ಗೆ ಒಂಬತ್ತೂವರೆಯ ನಮ್ಮ ಸಂಖ್ಯೆ ಏರತೊಡಗಿತು. ಮೇ ಆರಂಭದ ಹೊತ್ತಿಗೆ ನಾವು ಹೊರಟಲ್ಲಿಗೇ ಬಂದು ಮುಟ್ಟಿದ್ದೆವು. ಅದೇ ದಿನಗಳಲ್ಲಿ ಗಲ್ಫಿನಿಂದ ಬರುವ ಫೋನುಗಳು, ಪತ್ರಗಳು, ಫೋಟೋಗಳು ಮಾತ್ರ ಮೊದಲಿಗಿಂತ ಹೆಚ್ಚಾಗಿದ್ದವು.

ಆಗ ನಾನು ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಸೈಟ್ ಇಟ್ಟಿರುವ ಸರ್ವರಿನಲ್ಲಿ, ಯಾವ ಪುಟವನ್ನು ಯಾವ ದೇಶದಿಂದ ಯಾವ ಹೊತ್ತಿಗೆ ತೆರೆದರು ಎಂಬುದರ ದಾಖಲೆ ತಾನಾಗಿಯೇ ಬೀಳುತ್ತಿರುತ್ತದೆ. ಓದಲು ಬೇಸರ ಹುಟ್ಟಿಸುವ, ಸಾಲು ಸಾಲು ಅಕ್ಷರಗಳ ರಾಶಿ. ಮೂರು ದಿನ ಕೂತು ಅದನ್ನು ಬೇರ್ಪಡಿಸಿದೆ. ನಮ್ಮ ಓದುಗರು ಅಲ್ಲಿದ್ದರು, ಪೊರ್ಬುಗಳು ನಂಬಿದ್ದಕ್ಕಿಂತ ಹೆಚ್ಚೇ ಇದ್ದರು. ಗಲ್ಫಿನ ಬೆಳಗಿನ ಹೊತ್ತಿಗೆ ಬರುತ್ತಿದ್ದರು. ಆದರೆ ಮುಖಪುಟಕ್ಕೆ ಬರುತ್ತಿರಲಿಲ್ಲ. ಮರಣದ ಪುಟದ ವಿಳಾಸವನ್ನು ಗುರುತಿಟ್ಟುಕೊಂಡು ನೇರವಾಗಿ ಅದನ್ನೇ ತೆರೆದು, ಊರಿನಲ್ಲಿ ಯಾರು ಹೋದರೆಂದು ನೋಡಿ, ಹೋಗಿಬಿಡುತ್ತಿದ್ದರು. ಮುಖಪುಟವನ್ನು ದಿನವೂ ತಪ್ಪದೆ ನೋಡುತ್ತಿದ್ದದ್ದು ಇಪ್ಪತ್ತೆರಡು ಕಂಪ್ಯೂಟರುಗಳು ಮಾತ್ರ.

ಅಂದರೆ ಅಕ್ಕನ ತಟ್ಟೆಗಳನ್ನು ಎರಡು ತಿಂಗಳು ನೋಡಿದವರು ಟೈಪಿಂಗ್ ಕಲಿಯುತ್ತಿದ್ದ ಮಕ್ಕಳು. ಕಡೆಯ ಒಂದು ತಿಂಗಳು ಅವರೂ ಇಲ್ಲ.

ಪೊರ್ಬುಗಳಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. “ಇಷ್ಟು ಜನ ನಮ್ಮವರು ಓದ್ತಾರಾ?” ಎಂದು ಅದನ್ನೇ ಎರಡು ಸಲ ಕೇಳಿದರು. ಲ್ಯಾಮಿನೇಟ್ ಮಾಡಿದ್ದನ್ನು ಚೀಲದಿಂದ ತೆಗೆದು ಅಲಮಾರಿನೊಳಗೆ ಇಟ್ಟರು. ಅಕ್ಕನ ವಿಷಯ ನಾನು ಎತ್ತುವ ಮುನ್ನ ಅವರೇ, “ಆ ಹೆಂಗಸಿಗೆ ನಾನು ಹೇಳ್ತೇನೆ,” ಎಂದರು.

“ಬೇಡ ಸರ್. ಅವರು ಕೇಳಿದ್ದು ನನ್ನ ಹತ್ತಿರ.”

ಪೆರ್ಲದ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಜೀಪಿನಲ್ಲಿ ಗೇರು ತೋಟದ ಬದಿಗೆ ಇಳಿದೆ. ಗೇರುಹಣ್ಣು ಬಿದ್ದು ಕೊಳೆತ ಘಾಟು ದಾರಿಯುದ್ದಕ್ಕೂ ಇತ್ತು. ಮನೆಯ ಪಕ್ಕದ ತಗಡಿನ ಮಾಡಿನ ಕೆಳಗೆ ಯಂತ್ರ. ಬಿಸಿ ಅಚ್ಚಿಗೆ ಒದ್ದೆ ಹಾಳೆ ತಾಗಿ ಆವಿ ಏಳುತ್ತಿತ್ತು. ನನ್ನನ್ನು ಕಂಡ ಕೂಡಲೇ ಅಕ್ಕ ಯಂತ್ರ ನಿಲ್ಲಿಸಿದರು. ಉಳಿದ ಆರು ಮಂದಿ ಕೈ ಒರೆಸಿಕೊಂಡು ಬಂದರು.

“ಇವರೇ ನಮಗೆ ಫೋನ್ ಮಾಡುವ ಟೀಚರ್,” ಎಂದು ಅಕ್ಕ ಪರಿಚಯಿಸಿದರು.

“ಅಯ್ಯೋ, ಇವರಾ!” ಎಂದು ಎಲ್ಲರಿಗಿಂತ ಚಿಕ್ಕವಳೊಬ್ಬಳು ನಕ್ಕಳು. “ಮೊದಲ ಸಲ ನಿಮ್ಮ ಫೋನ್ ಬಂದಾಗ ನಾವು ಏಳು ಜನವೂ ಓಡಿದ್ದು ಗೊತ್ತುಂಟಾ? ಒಂದು ತಟ್ಟೆ ಅಚ್ಚಿನಲ್ಲೇ ಕರಟಿ ಹೋಯ್ತು.”

ಅಕ್ಕನಿಗೆ ಒಬ್ಬರಿಗೇ ಹೇಳಿ ಬರಬೇಕೆಂದು ನಾನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಷ್ಟು ಜನರ ಮುಂದೆ ನನಗೆ ಮಾತು ಬರುವುದಿಲ್ಲ, ತರಗತಿಯಲ್ಲೂ ಬರುತ್ತಿರಲಿಲ್ಲ. ಆದರೂ ಹೇಳಿದೆ. ಟೂಲ್‌ಬಾರ್ ಎಂದರೆ ಎಂತ, ಕೆಳಗಿನ ಕಂಪ್ಯೂಟರುಗಳಿಗೆ ಅದನ್ನು ಯಾರು ಹಾಕಿದ್ದು, ಅಕ್ಕ ಕೇಳಿದ ದಿನ ನಾನು ಎಂತ ಹೇಳಿದ್ದು, ಎಂತ ಹೇಳದೆ ಬಿಟ್ಟದ್ದು. ತುಳುವಿನಲ್ಲಿ ಅದನ್ನೆಲ್ಲ ಹೇಳುವಾಗ ಅಡಗಿಕೊಳ್ಳಲು ಜಾಗವೇ ಸಿಗಲಿಲ್ಲ. ಕೊಟ್ಟ ಹಣವನ್ನು ಪೊರ್ಬುಗಳು ಹಿಂದೆ ಕೊಡುತ್ತಾರೆ ಎಂದೂ ಹೇಳಿದೆ.

ಅಕ್ಕ ಅಚ್ಚಿನ ಅಂಚಿನಲ್ಲಿ ಉಳಿದ ಹಾಳೆಯ ಚೂರನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದರು.

“ಹಣ ಬೇಡ,” ಎಂದರು ಕಡೆಗೆ. “ಇವರಿಗೆಲ್ಲ ಫೋನ್ ಬರ್ತದೆ ಅಂತ ಹೇಳಿದವಳು ನಾನು. ನನಗೆ ಫೋನ್ ಬರ್ಬೇಕು.” ಆಮೇಲೆ ನನ್ನತ್ತ ನೋಡಿದರು. “ಮಕ್ಕಳು ಬಿಟ್ಟು ಬೇರೆ ಯಾರೂ ನೋಡುವುದೇ ಇಲ್ವಾ?”

“ನೋಡ್ತಾರೆ ಅಕ್ಕ. ತುಂಬ ಜನ. ಆದರೆ ಮರಣದ ಪುಟ ಮಾತ್ರ.”

“ಮರಣ ನೋಡುವವರಿಗೆ ತಟ್ಟೆ ಬೇಡ್ವಾ?” ಎಂದಳು ಆ ಚಿಕ್ಕವಳು. “ಬೊಜ್ಜದ ಊಟ ಮತ್ತೆ ಎಂತದ್ರಲ್ಲಿ ಬಡಿಸ್ತಾರೆ, ಅಂಗೈಯಲ್ಲಾ?”

ಬೊಜ್ಜವೆಂದರೆ ಸತ್ತವರ ಉತ್ತರಕ್ರಿಯೆ. ಇನ್ನೂರು ಮುನ್ನೂರು ಜನಕ್ಕೆ ಊಟ ಇರುತ್ತದೆ. ಒಬ್ಬರು ನಕ್ಕು ಬಾಯಿಗೆ ಸೆರಗು ಹಿಡಿದರು. “ಬಾಯಿ ಮುಚ್ಚು ಮಾರಾಯ್ತಿ,” ಎಂದು ಅಕ್ಕ ಗದರಿದರು. ಆದರೆ ಅವರ ಕೈ ಅಚ್ಚಿನ ಮೇಲೆ ನಿಂತುಬಿಟ್ಟಿತ್ತು.

ಮರಣದ ಪುಟದಲ್ಲಿ ತಟ್ಟೆಯ ಜಾಹೀರಾತು ಹಾಕೋಣವೆಂದಾಗ ಪೊರ್ಬುಗಳು ಒಪ್ಪಲಿಲ್ಲ. ಅವರು ನನ್ನ ಮೇಲೆ ಸ್ವರ ಎತ್ತಿದ್ದು ಅದೊಂದೇ ಸಲ. “ಸತ್ತವರ ಫೋಟೋದ ಹತ್ತಿರ ವ್ಯಾಪಾರವಾ? ಆ ಪುಟ ನಾನು ಯಾಕೆ ಮಾಡಿದ್ದು ಅಂತ ನಿಮಗೆ ಗೊತ್ತಿಲ್ಲ ಟೀಚರ್.”

ಗೊತ್ತಿತ್ತು. ಗೊತ್ತುಂಟೆಂದು ಹೇಳುವಂತಿರಲಿಲ್ಲ. ಊಟದ ಬುತ್ತಿ ತಂದಿದ್ದ ಬಾಯಮ್ಮ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು.

“ನಿಮ್ಮ ಅಪ್ಪ ತೀರಿದ ದಿನ ನಮ್ಮ ಮನೆಯಲ್ಲಿ ಒಲೆ ಹೊತ್ತಿಸ್ಲಿಲ್ಲ,” ಎಂದರು. “ಪಕ್ಕದ ಮನೆಯವರು ಗಂಜಿ ತಂದ್ರು. ಬಡಿಸ್ಲಿಕ್ಕೆ ಬಟ್ಟಲು ಸಾಲದೆ ನಾನು ಮನೆ ಮನೆಗೆ ಓಡಿದ್ದೆ. ನೀವು ಅಲ್ಲಿ ಇರ್ಲಿಲ್ಲ, ನಿಮಗೆ ಹೇಗೆ ಗೊತ್ತಾಗ್ಬೇಕು? ಅಲ್ಲಿ ಕೂತ ಮಗನಿಗೆ ಬರೀ ಸುದ್ದಿ ಸಿಕ್ಕಿದ್ರೆ ಸಾಕಾ? ಅವನಿಗೆ ಇಲ್ಲಿ ಎಂತಾದ್ರೂ ಮಾಡ್ಬೇಕು ಅಂತ ಇರುದಿಲ್ವಾ?”

ಪೊರ್ಬುಗಳು ಕಿಟಕಿಯ ಹತ್ತಿರ ಹೋಗಿ ನಿಂತರು. ಕೆಳಗೆ ಬಸ್ಸು ಬಂದು, ಜನ ಇಳಿದು, ಹೊರಟಿತು.

“ಬಣ್ಣ ಇಲ್ಲ,” ಎಂದರು, ತಿರುಗದೆ. “ಫೋಟೋ ಇಲ್ಲ. ಪುಟದ ಕಡೆಯಲ್ಲಿ ಒಂದೇ ಸಾಲು. ಹಣ ತೆಕ್ಕೊಳ್ಳುವುದಿಲ್ಲ.”

ಆ ಸಾಲನ್ನು ಬರೆಯಲು ನನಗೆ ಅರ್ಧ ದಿನ ಹಿಡಿಯಿತು. ‘ಉತ್ತರಕ್ರಿಯೆಯ ಊಟಕ್ಕೆ ಹಾಳೆ ತಟ್ಟೆಗಳನ್ನು ಮನೆಗೆ ತಲುಪಿಸುತ್ತೇವೆ’ ಎಂದು ಬರೆದು ನಂಬರ್ ಹಾಕಿದೆ. ಆ ವಾರ ಯಾರೂ ಕರೆಯಲಿಲ್ಲ. ಸೋಮವಾರ ಅಕ್ಕ ಪರೀಕ್ಷೆಗೆಂದು ಫೋನ್ ಮಾಡಲೂ ಇಲ್ಲ. ನಾನು ಅವರ ನಂಬರ್ ಒತ್ತಿ, ರಿಂಗ್ ಆಗುವ ಮುನ್ನ ಇಟ್ಟುಬಿಟ್ಟೆ. ಏಳು ಜನರನ್ನು ಸುಮ್ಮನೆ ಓಡಿಸಬಾರದೆನಿಸಿತು.

ಗುರುವಾರ ಬಂತು ಫೋನ್.

“ಟೀಚರ್,” ಎಂದರು ಅಕ್ಕ. “ಬಂತು ಮಾರಾಯ್ತಿ. ಶಾರ್ಜಾದಿಂದ.”

“ಎಷ್ಟು ಬೇಕಂತೆ ಅಕ್ಕ?”

“ಮುನ್ನೂರು. ಅವರ ಅಮ್ಮ ಹೋದದ್ದು. ಮಣ್ಣಿಗೆ ಬರ್ಲಿಕ್ಕೆ ರಜೆ ಸಿಗ್ಲಿಲ್ಲವಂತೆ, ಬೊಜ್ಜಕ್ಕೆ ಬರ್ತಾರಂತೆ. ತಟ್ಟೆಯ ಮಾತು ಎರಡು ನಿಮಿಷದಲ್ಲಿ ಮುಗೀತು. ಮತ್ತೆ ಅಮ್ಮನ ವಿಷಯವೇ. ಅರ್ಧ ಗಂಟೆ. ಪಾಪ, ಅಲ್ಲಿ ತುಳು ಮಾತಾಡುವವರು ಯಾರೂ ಹತ್ತಿರ ಇರ್ಲಿಲ್ಲವೋ ಏನೋ.”

“ಎಲ್ಲಿಗೆ ತಲುಪಿಸ್ಬೇಕಂತೆ?”

“ಕೇಳ್ಲಿಕ್ಕೆ ಮರ್ತೇ ಹೋಯ್ತು.”

“ಹೆಸರು?”

“ಅದೂ ಕೇಳ್ಲಿಲ್ಲ. ಅಳುವವರ ಹತ್ತಿರ ವಿಳಾಸ ಹೇಗೆ ಕೇಳುವುದು ಟೀಚರ್? ಫೋನಿನಲ್ಲಿ ನಂಬರೂ ಬಂದಿಲ್ಲ, ಎಂತದೋ ಸೊನ್ನೆಗಳು.” ಹಿಂದಿನಿಂದ ಯಾರೋ ಏನೋ ಹೇಳಿದರು, “ನೀನು ಸುಮ್ಮನಿರು” ಎಂದು ಅಕ್ಕ ಗದರಿದ್ದು ಕೇಳಿತು. “ಇಷ್ಟು ದಿನ ಕಾದು ಬಂದ ಒಂದು ಫೋನು, ನೋಡಿ ನನ್ನ ಬುದ್ಧಿ.”

ನಾನು ಮರಣದ ಪುಟ ತೆರೆದೆ. ಆ ವಾರ ತೀರಿಕೊಂಡ ತಾಯಂದಿರು ಮೂವರು. ಇಬ್ಬರ ಮಕ್ಕಳು ಶಾರ್ಜಾದಲ್ಲಿದ್ದರು.

“ಅಮ್ಮನ ವಿಷಯ ಎಂತ ಹೇಳಿದ್ರು ಅಕ್ಕ? ನೆನಪಿದ್ದದ್ದೆಲ್ಲ ಹೇಳಿ.”

“ಎಂತ ಹೇಳುದು... ಮೀನಿನ ಸಾರು ತಣ್ಣಗಾದ ಮೇಲೆ ರುಚಿ ಅಂತ ಹೇಳ್ತಿದ್ರಂತೆ. ಬೈದ್ರೆ ಆಮೇಲೆ ತಾವೇ ಅಳ್ತಿದ್ರಂತೆ. ಅಬ್ಬಲಿಗೆ ಹೂವು ಅಂದ್ರೆ ಜೀವವಂತೆ. ಎಲ್ಲಿಗೆ ಹೋಗುವುದಾದ್ರೂ, ರೇಶನ್ ಅಂಗಡಿಗೆ ಕೂಡ, ತಲೆಯಲ್ಲಿ ಅಬ್ಬಲಿಗೆ ಬೇಕಂತೆ.”

ಎರಡನೆಯ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಯಾವುದೋ ಮದುವೆಯಲ್ಲಿ ತೆಗೆದದ್ದು, ಗುಂಪಿನಿಂದ ಕತ್ತರಿಸಿದ್ದು. ನಾನೇ ಕತ್ತರಿಸಿ ಹಾಕಿದ್ದೆ, ಆದರೆ ಸರಿಯಾಗಿ ನೋಡಿರಲಿಲ್ಲ. ಕಿವಿಯ ಹಿಂದೆ, ಹೆಗಲಿನವರೆಗೆ, ಕೇಸರಿ ಬಣ್ಣದ ಅಬ್ಬಲಿಗೆ ಹೂವಿನ ಮಾಲೆ.

“ಸಿಕ್ಕಿತು ಅಕ್ಕ,” ಎಂದೆ. ಹೆಸರು ಓದಿದೆ, ಮನೆ ಇರುವ ಊರು ಓದಿದೆ. ಯಾವ ಬಸ್ಸಿಗೆ ಹತ್ತಬೇಕು, ಎಲ್ಲಿ ಇಳಿಯಬೇಕು, ಶಾಲೆಯ ಹಿಂದಿನ ದಾರಿಯಲ್ಲಿ ಎಷ್ಟು ನಡೆಯಬೇಕು, ಎಲ್ಲ ಹೇಳಿದೆ. ಅಕ್ಕ ಪ್ರತಿಯೊಂದಕ್ಕೂ ಹ್ಞಾಂ ಹ್ಞಾಂ ಎನ್ನುತ್ತಿದ್ದರು.

“ಬೊಜ್ಜಕ್ಕೆ ಇನ್ನೂ ಎಂಟು ದಿನ ಉಂಟಲ್ಲ ಅಕ್ಕ, ಮುನ್ನೂರು ತಟ್ಟೆ ಅಟ್ಟದಲ್ಲೇ ಉಂಟಲ್ಲ. ಮುಂದಿನ ವಾರ ಜೀಪಿನಲ್ಲಿ ಕಳಿಸಿದ್ರೆ ಸಾಕು.”

“ತಟ್ಟೆ ಮುಂದಿನ ವಾರ ಹೋಗ್ಲಿ,” ಎಂದರು. “ನಾನು ನಾಳೆ ಬೆಳಿಗ್ಗೆಯೇ ಒಮ್ಮೆ ಹೋಗಿ ಬರ್ತೇನೆ. ಇಷ್ಟೆಲ್ಲ ಕೇಳಿದ ಮೇಲೆ ಮನೆಯವರನ್ನು ಮಾತಾಡಿಸದೆ ಇರ್ಲಿಕ್ಕೆ ಆಗ್ತದಾ?”